ಹಿರಿಯರ ಬಲವನ್ನೂ ಅಳೆಯೋಣ

ಮನೆಯ ಹಿರಿಯರ ಆರೋಗ್ಯವನ್ನು ನಾವು ಇಂದು ಅಂಕಿಗಳಲ್ಲಿ ಬಲ್ಲೆವು. ತಂದೆಯವರ ರಕ್ತದೊತ್ತಡ ಎಷ್ಟು, ತಾಯಿಯವರ ಸಕ್ಕರೆಯ ಪ್ರಮಾಣ ಊಟಕ್ಕೆ ಮೊದಲು ಎಷ್ಟು, ಊಟದ ನಂತರ ಎಷ್ಟು ಎಂಬುದನ್ನು ಮನೆಯ ಮಕ್ಕಳು ಬಾಯಿಪಾಠವಾಗಿ ಹೇಳಬಲ್ಲರು. ಜಾತ್ರೆ, ಪುಣ್ಯಸ್ಮರಣೆಗಳ ಸಂದರ್ಭದಲ್ಲಿ ಏರ್ಪಡುವ ಉಚಿತ ತಪಾಸಣಾ ಶಿಬಿರಗಳಲ್ಲಿಯೂ ತೂಕ, ರಕ್ತದೊತ್ತಡ, ಸಕ್ಕರೆ, ಕಣ್ಣು ಇವುಗಳ ಪರೀಕ್ಷೆ ಕ್ರಮವಾಗಿ ನಡೆಯುತ್ತದೆ. ಇವೆಲ್ಲ ಆಗಲೇಬೇಕಾದ ಕಾರ್ಯಗಳು. ಆದರೆ ಅದೇ ಶಿಬಿರದಲ್ಲಿ, ಪರೀಕ್ಷೆ ಮುಗಿದ ಹಿರಿಯರೊಬ್ಬರು ಕುರ್ಚಿಯ ಕೈಗಳನ್ನು ಊರಿ, ಪಕ್ಕದವರ ಭುಜ ಹಿಡಿದು, ಎರಡು ಸಲ ಪ್ರಯತ್ನಿಸಿ ಮೇಲೇಳುವುದನ್ನು ಎಲ್ಲರೂ ನೋಡುತ್ತಾರೆ. ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಬರೆದುಕೊಳ್ಳಬೇಕು ಎಂಬುದೇ ಈ ಲೇಖನದ ಆಗ್ರಹ. ಸ್ನಾಯುಗಳ ಬಲವು ರಕ್ತದೊತ್ತಡದಷ್ಟೇ ಗಂಭೀರವಾಗಿ ಅಳೆಯತಕ್ಕ ಸಂಗತಿ. ಅದನ್ನು ಅಳೆಯಲು ಸೂಜಿ ಚುಚ್ಚಬೇಕಾಗಿಲ್ಲ, ರಕ್ತ ತೆಗೆಯಬೇಕಾಗಿಲ್ಲ, ದೊಡ್ಡ ಯಂತ್ರದೊಳಗೆ ಮಲಗಿಸಬೇಕಾಗಿಲ್ಲ. ಒಂದು ಗಟ್ಟಿ ಕುರ್ಚಿ, ಸೆಕೆಂಡಿನ ಮುಳ್ಳಿರುವ ಗಡಿಯಾರ, ದರ್ಜಿಯ ಟೇಪು ಇಷ್ಟಿದ್ದರೆ ಮೊದಲ ಹೆಜ್ಜೆ ಸಾಧ್ಯ.

ವಯಸ್ಸಾಯಿತು ಎಂಬ ಒಂದೇ ಉತ್ತರ

ಹಿರಿಯರ ನಡಿಗೆ ನಿಧಾನವಾದರೆ, ಮೆಟ್ಟಿಲ ಬಳಿ ಅವರು ನಿಂತುಬಿಟ್ಟರೆ, ಕೊಡ ಎತ್ತಲಾರದೆ ಹೋದರೆ ನಮ್ಮ ಸಮಾಜದಲ್ಲಿ ಸಿಗುವ ಉತ್ತರ ಒಂದೇ: ವಯಸ್ಸಾಯಿತಲ್ಲ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ನಡುವಯಸ್ಸು ದಾಟಿದ ಮೇಲೆ ಸ್ನಾಯುಗಳು ಕ್ರಮೇಣ ಕ್ಷೀಣಿಸುವುದು ಸಹಜವೇ. ಆದರೆ ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ಹೊಲದ ಬದುವಿನ ಮೇಲೆ ನಡೆದಾಡುತ್ತಿದ್ದರೆ ಇನ್ನೊಬ್ಬರು ಬಚ್ಚಲಿಗೆ ಹೋಗಲೂ ಕೈಯಾಸರೆ ಬೇಡುವುದನ್ನು ಪ್ರತಿಯೊಂದು ಊರಿನಲ್ಲೂ ಕಾಣುತ್ತೇವೆ. ವಯಸ್ಸೇ ಏಕೈಕ ಕಾರಣವಾಗಿದ್ದರೆ ಇಷ್ಟು ಅಂತರ ಇರುತ್ತಿರಲಿಲ್ಲ.

ವೈದ್ಯಶಾಸ್ತ್ರ ಈ ಕ್ಷಯಕ್ಕೆ ಸಾರ್ಕೋಪೀನಿಯಾ ಎಂದು ಹೆಸರಿಟ್ಟಿದೆ. ಗ್ರೀಕ್ ಮೂಲದ ಈ ಪದಕ್ಕೆ ಮಾಂಸದ ಕೊರತೆ ಎಂದರ್ಥ. ಅಮೆರಿಕದ ಪೋಷಣ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಅವರು 1989ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. 2016ರಲ್ಲಿ ಅಮೆರಿಕದ ರೋಗ ವರ್ಗೀಕರಣದಲ್ಲಿ ಅದಕ್ಕೆ ಪ್ರತ್ಯೇಕ ಸಂಕೇತ ದೊರೆಯಿತು. ಎಂದರೆ ಬಹುಕಾಲ ಮುಪ್ಪಿನ ಲಕ್ಷಣವೆಂದು ಬದಿಗಿಟ್ಟಿದ್ದ ಸಂಗತಿಯನ್ನು ಗುರುತಿಸಬೇಕಾದ, ಚಿಕಿತ್ಸೆ ನೀಡಬೇಕಾದ ಸ್ಥಿತಿಯೆಂದು ವೈದ್ಯಲೋಕ ಒಪ್ಪಿಕೊಂಡಿತು.

ಇಲ್ಲಿ ಒಂದು ಮುಖ್ಯ ವಿಷಯವನ್ನು ತಿಳಿಯಬೇಕು. ಮೊದಮೊದಲು ತಜ್ಞರು ಸ್ನಾಯುವಿನ ಗಾತ್ರವನ್ನೇ ಮುಖ್ಯವೆಂದು ಎಣಿಸಿದ್ದರು. ಮುಂದೆ ಅಧ್ಯಯನಗಳು ನಡೆದಂತೆ, ಗಾತ್ರ ಕುಗ್ಗುವುದಕ್ಕಿಂತ ವೇಗವಾಗಿ ಬಲ ಕುಗ್ಗುತ್ತದೆಂದು ತಿಳಿದುಬಂತು. ಹೀಗಾಗಿ ಯುರೋಪಿನ ತಜ್ಞರ ಮಂಡಳಿಯು 2010ರ ತನ್ನ ಸೂತ್ರವನ್ನು 2018ರಲ್ಲಿ ಪರಿಷ್ಕರಿಸಿ, ಬಲದ ಪರೀಕ್ಷೆಯನ್ನೇ ಮೊದಲ ಸ್ಥಾನಕ್ಕೆ ತಂದಿತು. ತೂಕದ ಯಂತ್ರ ನಮಗೆ ಈ ವಿಷಯದಲ್ಲಿ ದಾರಿ ತಪ್ಪಿಸಬಹುದು. ಸ್ನಾಯು ಕರಗಿದ ಜಾಗದಲ್ಲಿ ಕೊಬ್ಬು ತುಂಬಿಕೊಂಡರೆ ತೂಕ ಇದ್ದಷ್ಟೇ ಇರುತ್ತದೆ. ಮೈ ತುಂಬಿದ ಹಾಗೆಯೇ ಕಾಣುತ್ತದೆ. ಆದರೆ ಕಾಲಿನಲ್ಲಿ ಕಸುವು ಇರುವುದಿಲ್ಲ.

ಹಸ್ತದ ಹಿಡಿತ ಹೇಳುವುದೇನು

ಬಲದ ಅಳತೆಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಹಸ್ತದ ಹಿಡಿತ. ಡೈನಮೋಮೀಟರ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣವನ್ನು ಪೂರ್ಣಶಕ್ತಿಯಿಂದ ಹಿಚುಕಿದರೆ ಅದು ಬಲವನ್ನು ಕಿಲೋಗ್ರಾಂನಲ್ಲಿ ತೋರಿಸುತ್ತದೆ. ಸಾಮಾನ್ಯವಾಗಿ ಕುಳಿತುಕೊಂಡು, ಮೊಣಕೈಯನ್ನು ದೇಹಕ್ಕೆ ತಾಗಿಸಿ ನೇರ ಕೋನಕ್ಕೆ ಮಡಿಸಿ ಹಿಚುಕಬೇಕು. ಎರಡೂ ಕೈಗಳಿಂದ ಕೆಲವು ಬಾರಿ ಪ್ರಯತ್ನಿಸಿ ಬಂದ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಏಷ್ಯಾದ ತಜ್ಞರ ಮಂಡಳಿಯು 2019ರಲ್ಲಿ ನಿಗದಿಪಡಿಸಿದಂತೆ ಪುರುಷರಲ್ಲಿ 28 ಕಿಲೋಗಿಂತ, ಮಹಿಳೆಯರಲ್ಲಿ 18 ಕಿಲೋಗಿಂತ ಕಡಿಮೆ ಬಂದರೆ ಅದು ಕ್ಷೀಣಬಲ. ಯುರೋಪಿನ ಮಂಡಳಿ ಹೇಳುವ ಅಂಕಿಗಳು 27 ಮತ್ತು 16.

ಕೈಯ ಹಿಡಿತಕ್ಕೂ ಇಡೀ ದೇಹದ ಆರೋಗ್ಯಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನರನ್ನು ಒಳಗೊಂಡ ಪ್ಯೂರ್ ಎಂಬ ಮಹಾ ಅಧ್ಯಯನವು 2015ರಲ್ಲಿ ಇದಕ್ಕೆ ಉತ್ತರ ನೀಡಿತು. 35ರಿಂದ 70 ವರ್ಷದವರ ಹಿಡಿತವನ್ನು ಅಳೆದು, ಮುಂದಿನ ವರ್ಷಗಳಲ್ಲಿ ಅವರ ಆರೋಗ್ಯ ಹೇಗಾಯಿತೆಂದು ಗಮನಿಸಲಾಯಿತು. ಹಿಡಿತ 5 ಕಿಲೋ ಕಡಿಮೆಯಿದ್ದಂತೆ ಸಾವಿನ ಅಪಾಯ ಶೇಕಡಾ 16ರಷ್ಟು ಹೆಚ್ಚಿತ್ತು. ಸಾವಿನ ಮುನ್ಸೂಚನೆಯ ಮಟ್ಟಿಗೆ ಈ ಸರಳ ಅಳತೆಯು ರಕ್ತದೊತ್ತಡದ ಮೇಲಿನ ಅಂಕಿಗಿಂತಲೂ ಬಲವಾದ ಸೂಚಕವಾಗಿತ್ತು. ಹಾಗೆಂದು ರಬ್ಬರಿನ ಚೆಂಡನ್ನು ಹಿಚುಕುತ್ತ ಕುಳಿತರೆ ಆಯುಷ್ಯ ಬೆಳೆಯುತ್ತದೆಂದು ಭಾವಿಸಬಾರದು. ಹಿಡಿತವೆಂಬುದು ಕನ್ನಡಿ. ಕನ್ನಡಿಯನ್ನು ಒರೆಸಿದರೆ ಮುಖದ ಕಲೆ ಹೋಗುವುದಿಲ್ಲ. ಆದರೆ ಕಲೆ ಇದೆಯೆಂದು ತಿಳಿಯಲು ಕನ್ನಡಿ ಬೇಕು.

ನಮ್ಮ ದೇಶದಲ್ಲಿ 2017–18ರಲ್ಲಿ ಮುಂಬಯಿಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಲಾಸಿ ಎಂಬ ಸಮೀಕ್ಷೆಯ ಮೊದಲ ಸುತ್ತು ನಡೆದು, 45 ವರ್ಷ ದಾಟಿದವರು ಸೇರಿದಂತೆ 72,000ಕ್ಕೂ ಹೆಚ್ಚು ಜನರ ಮಾಹಿತಿ ಸಂಗ್ರಹವಾಯಿತು. ಆ ಸಮೀಕ್ಷೆಯಲ್ಲಿ ಹಿಡಿತದ ಬಲವನ್ನೂ ನಡಿಗೆಯ ವೇಗವನ್ನೂ ಜನರ ಮನೆಗಳಲ್ಲಿಯೇ ಅಳೆಯಲಾಯಿತು. ಹಳ್ಳಿಯ ಮನೆಯ ಪಡಸಾಲೆಯಲ್ಲಿ ಸಮೀಕ್ಷಕರು ಮಾಡಬಲ್ಲ ಕಾರ್ಯವನ್ನು ನಮ್ಮ ಶಿಬಿರಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಲಾಗದೆಂದು ಹೇಳಲು ಕಾರಣವಿಲ್ಲ.

ಕುರ್ಚಿಯ ಪರೀಕ್ಷೆ

ಡೈನಮೋಮೀಟರ್ ಎಲ್ಲೆಡೆ ಸಿಗದು. ಕುರ್ಚಿ ಸಿಗುತ್ತದೆ. ಕೈಗಿಂತ ಕಾಲಿನ ಬಲವೇ ಹಿರಿಯರ ಸ್ವಾತಂತ್ರ್ಯಕ್ಕೆ ನೇರ ಆಧಾರವಾದುದರಿಂದ ಈ ಪರೀಕ್ಷೆಯನ್ನು ನಾವು ಎಲ್ಲಕ್ಕಿಂತ ಮೇಲೆಂದು ಭಾವಿಸುತ್ತೇವೆ.

ವಿಧಾನ ಹೀಗಿದೆ. ಸುಮಾರು 43 ಸೆಂಟಿಮೀಟರ್ ಎತ್ತರದ, ಗಾಲಿಯಿಲ್ಲದ, ಅಲುಗದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಬೇಕು. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಬೇಡ. ಹಿರಿಯರು ಪಾದಗಳನ್ನು ನೆಲಕ್ಕೆ ಪೂರ್ತಿ ಊರಿ, ಎರಡೂ ಕೈಗಳನ್ನು ಎದೆಯ ಮೇಲೆ ಕತ್ತರಿಯಾಗಿ ಇಟ್ಟುಕೊಂಡು ಕುಳಿತುಕೊಳ್ಳಬೇಕು. ಮೊದಲು ಒಂದು ಬಾರಿ ಕೈಯ ನೆರವಿಲ್ಲದೆ ಏಳಲು ಹೇಳಿ. ಅದು ಸಾಧ್ಯವಾಗದಿದ್ದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅದೇ ಒಂದು ಮಹತ್ವದ ಉತ್ತರ. ಸಾಧ್ಯವಾದರೆ, ಐದು ಬಾರಿ ಪೂರ್ತಿ ಎದ್ದು ನಿಂತು ಪೂರ್ತಿ ಕುಳಿತುಕೊಳ್ಳುವಂತೆ, ತಮಗೆ ಆದಷ್ಟು ಬೇಗ ಮಾಡುವಂತೆ ತಿಳಿಸಿ, ಐದನೆಯ ಬಾರಿ ನೆಟ್ಟಗೆ ನಿಂತ ಕ್ಷಣದವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಬೇಕು. ಪಕ್ಕದಲ್ಲಿ ಒಬ್ಬರು ಹಿಡಿಯಲು ಸಿದ್ಧರಾಗಿ ನಿಂತಿರಲೇಬೇಕು.

ಏಷ್ಯಾದ ಮಂಡಳಿಯ ಪ್ರಕಾರ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬಲ ಕುಗ್ಗಿದೆಯೆಂದು ಶಂಕಿಸಬೇಕು. ಹಿರಿಯರ ಆರೈಕೆಗಾಗಿ ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ಮಾರ್ಗದರ್ಶಿಯಲ್ಲಿ ಇದೇ ಪರೀಕ್ಷೆಗೆ 14 ಸೆಕೆಂಡಿನ ಗಡಿ ಇದೆ. ಯುರೋಪಿನವರ ಗಡಿ 15 ಸೆಕೆಂಡು. ಇನ್ನೊಂದು ಪದ್ಧತಿಯಲ್ಲಿ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಎದ್ದರೆಂದು ಎಣಿಸುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯಂತೆ 65ರಿಂದ 69 ವರ್ಷದ ಪುರುಷರು 12ಕ್ಕಿಂತ, ಮಹಿಳೆಯರು 11ಕ್ಕಿಂತ ಕಡಿಮೆ ಬಾರಿ ಎದ್ದರೆ ಬೀಳುವ ಅಪಾಯ ಹೆಚ್ಚು; 75ರಿಂದ 79 ವರ್ಷದವರಿಗೆ ಈ ಸಂಖ್ಯೆ ಕ್ರಮವಾಗಿ 11 ಮತ್ತು 10.

ಗಡಿಗಳು ಹೀಗೆ ಬೇರೆ ಬೇರೆಯಾಗಿರುವುದನ್ನು ಕಂಡು ಪರೀಕ್ಷೆಯನ್ನೇ ಸಂಶಯಿಸಬಾರದು. 12ಕ್ಕೂ 15ಕ್ಕೂ ನಡುವಿನ ಅಂತರಕ್ಕಿಂತ, ಕಳೆದ ಯುಗಾದಿಗೆ 11 ಸೆಕೆಂಡು ಹಿಡಿದವರಿಗೆ ಈ ಯುಗಾದಿಗೆ 17 ಹಿಡಿಯಿತು ಎಂಬ ಅಂತರ ಹೆಚ್ಚು ಮಾತನಾಡುತ್ತದೆ. ಏಷ್ಯಾದ ಅಂಕಿಗಳೂ ಮುಖ್ಯವಾಗಿ ಪೂರ್ವ ಮತ್ತು ಆಗ್ನೇಯ ಏಷ್ಯಾದ ಜನರ ಮಾಹಿತಿಯ ಮೇಲೆ ನಿಂತಿವೆ. ಆದುದರಿಂದ ಹಿರಿಯರನ್ನು ನೆರೆಮನೆಯವರೊಂದಿಗೆ ಹೋಲಿಸದೆ, ಅವರ ಹಿಂದಿನ ಅಂಕಿಯೊಂದಿಗೆ ಹೋಲಿಸುವುದೇ ವಿವೇಕ. ಹಾಗೆ ಹೋಲಿಸಬೇಕಾದರೆ ಮೊದಲ ಅಂಕಿ ಬರೆದಿಟ್ಟಿರಬೇಕು.

ನಡಿಗೆ, ಮೀನಖಂಡ, ಐದು ಪ್ರಶ್ನೆ

ಪಡಸಾಲೆಯಲ್ಲಿ 6 ಮೀಟರ್ ಅಳೆದು ಎರಡು ಗೆರೆ ಎಳೆದು, ಹಿರಿಯರು ತಮ್ಮ ದಿನನಿತ್ಯದ ವೇಗದಲ್ಲಿ ನಡೆದಾಗ ಎಷ್ಟು ಸಮಯ ಹಿಡಿಯಿತೆಂದು ನೋಡಬಹುದು. 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ವೇಗ ಕುಂದಿದೆ ಎಂದರ್ಥ. ಕುಳಿತಾಗ ಮೀನಖಂಡದ ಅತಿ ದಪ್ಪ ಭಾಗಕ್ಕೆ ಟೇಪು ಸುತ್ತಿ ಅಳೆದರೆ, ಪುರುಷರಲ್ಲಿ 34 ಸೆಂಟಿಮೀಟರಿಗಿಂತ, ಮಹಿಳೆಯರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದಲ್ಲಿ ಸ್ನಾಯು ಕರಗಿರುವ ಸಂಭವವಿದೆ. ಜಪಾನಿನಲ್ಲಿ ಟೇಪು ಸಹ ಇಲ್ಲದ ಉಪಾಯವೊಂದನ್ನು ಬಳಸುತ್ತಾರೆ: ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳಿಂದ ಬಳೆಯಂತೆ ಮಾಡಿ ಮೀನಖಂಡವನ್ನು ಸುತ್ತಿ ನೋಡುವುದು. ಬೆರಳುಗಳು ಕೂಡಿಯೂ ಒಳಗೆ ಸಡಿಲ ಜಾಗ ಉಳಿದರೆ ಎಚ್ಚರಗೊಳ್ಳಬೇಕು. ಆದರೆ ಕಾಲು ಬಾತಿದ್ದವರಲ್ಲಿ ಈ ಎರಡೂ ಅಳತೆಗಳನ್ನು ನಂಬಲಾಗದು.

ಏಳಲಾರದವರಿಗೆ, ನಡೆಯಲು ಹೆದರುವವರಿಗೆ ಐದು ಪ್ರಶ್ನೆಗಳಿವೆ. ನಾಲ್ಕೈದು ಕಿಲೋ ಭಾರ ಎತ್ತಿ ಒಯ್ಯುವುದು ಎಷ್ಟು ಕಷ್ಟ? ಕೋಣೆಯ ಈ ಬದಿಯಿಂದ ಆ ಬದಿಗೆ ನಡೆಯುವುದು ಎಷ್ಟು ಕಷ್ಟ? ಕುರ್ಚಿಯಿಂದ ಅಥವಾ ಮಂಚದಿಂದ ಏಳುವುದು? ಹತ್ತು ಮೆಟ್ಟಿಲು ಹತ್ತುವುದು? ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿರಿ? ಮೊದಲ ನಾಲ್ಕಕ್ಕೆ ಕಷ್ಟವಿಲ್ಲದಿದ್ದರೆ ಸೊನ್ನೆ, ಸ್ವಲ್ಪ ಕಷ್ಟವಿದ್ದರೆ ಒಂದು, ಬಹಳ ಕಷ್ಟ ಅಥವಾ ಅಸಾಧ್ಯವಾದರೆ ಎರಡು ಅಂಕ. ಕೊನೆಯ ಪ್ರಶ್ನೆಗೆ ಬಿದ್ದಿಲ್ಲವಾದರೆ ಸೊನ್ನೆ, ಒಂದರಿಂದ ಮೂರು ಸಲವಾದರೆ ಒಂದು, ಅದಕ್ಕೂ ಹೆಚ್ಚಾದರೆ ಎರಡು. ಒಟ್ಟು ನಾಲ್ಕು ಅಥವಾ ಹೆಚ್ಚಾದರೆ ವೈದ್ಯರನ್ನು ಕಾಣಬೇಕು. ಈ ಪ್ರಶ್ನೆಗಳನ್ನು ಹಿರಿಯರಿಗೇ ಕೇಳಬೇಕು. ಮಗ ಸೊಸೆಯರು ಅವರ ಪರವಾಗಿ ಉತ್ತರಿಸಬಾರದು. ಬಿದ್ದ ಸಂಗತಿಯನ್ನು ಮಕ್ಕಳು ಗಾಬರಿಯಾದಾರೆಂದು ಮುಚ್ಚಿಡುವ ತಾಯಂದಿರು ಬಹಳ ಮಂದಿ.

ನೆಲದಿಂದ ಏಳುವುದು

ಬ್ರೆಜಿಲ್ ದೇಶದ ವೈದ್ಯ ಕ್ಲಾಡಿಯೋ ಜಿಲ್ ಅರೌಜೋ ಮತ್ತು ಸಂಗಡಿಗರು 51ರಿಂದ 80 ವರ್ಷದ ಸುಮಾರು 2,000 ಜನರನ್ನು ನೆಲದ ಮೇಲೆ ಕುಳಿತು ಏಳುವಂತೆ ಹೇಳಿ ಪರೀಕ್ಷಿಸಿದರು. ಒಟ್ಟು 10 ಅಂಕ. ಕೈ, ಮೊಣಕಾಲು ಮುಂತಾಗಿ ಊರಿದ ಪ್ರತಿಯೊಂದು ಆಧಾರಕ್ಕೆ ಒಂದು ಅಂಕ, ತೂರಾಡಿದರೆ ಅರ್ಧ ಅಂಕ ಕಳೆಯುತ್ತಿದ್ದರು. ಕಡಿಮೆ ಅಂಕ ಪಡೆದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತೆಂದು 2012ರಲ್ಲಿ ಪ್ರಕಟವಾಯಿತು.

ನಮ್ಮಲ್ಲಿ ಇದಕ್ಕೆ ಪ್ರತ್ಯೇಕ ಪ್ರಯೋಗಾಲಯ ಬೇಕಿಲ್ಲ. ಲಿಂಗಪೂಜೆಗೆ ಚಾಪೆಯ ಮೇಲೆ ಕುಳಿತು ಏಳುವಾಗ, ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಮುಗಿಸಿ ಏಳುವಾಗ ಈ ಪರೀಕ್ಷೆ ದಿನವೂ ತಾನೇ ನಡೆಯುತ್ತದೆ. ಮೊದಲು ಒಂದು ಕೈ ನೆಲಕ್ಕೆ ಬರುತ್ತದೆ, ಮುಂದೆ ಎರಡೂ ಕೈ, ಆಮೇಲೆ ಪಕ್ಕದ ಕಂಬ, ಕಡೆಗೆ ಇನ್ನೊಬ್ಬರ ತೋಳು. ಒಂದು ದಿನ ಅವರು ಪಂಕ್ತಿಯನ್ನು ಬಿಟ್ಟು ಗೋಡೆಯ ಬದಿಯ ಕುರ್ಚಿಗೆ ಹೋಗುತ್ತಾರೆ. ಕುರ್ಚಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದರಲ್ಲಿ ಯಾವ ಕುಂದೂ ಇಲ್ಲ. ಮೊಣಕಾಲು ಸವೆದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ ಅದು ಅಗತ್ಯವೇ ಸರಿ. ಆದರೆ ಕಾಲಿನ ಬಲ ಕುಗ್ಗಿಯೋ, ಕೀಲಿನ ನೋವಿನಿಂದಲೋ ಎಂಬುದನ್ನು ಯಾರೂ ವಿಚಾರಿಸದೆ ಕುರ್ಚಿ ತಂದಿಟ್ಟು ಸುಮ್ಮನಾಗುವುದು ಸರಿಯಲ್ಲ. ಕುರ್ಚಿ ಬೇಕಾದ ಮೊದಲ ದಿನವೇ ಪ್ರಶ್ನೆ ಕೇಳಬೇಕಾದ ದಿನ.

ನೆಲದ ಪರೀಕ್ಷೆಯನ್ನು ಮನೆಯಲ್ಲಿ ಒತ್ತಾಯದಿಂದ ಮಾಡಿಸಬಾರದು. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಎದೆನೋವು ಅಥವಾ ತಲೆಸುತ್ತು ಇರುವವರು, ಮೂಳೆ ಮುರಿದು ಮಾಗುತ್ತಿರುವವರು ವೈದ್ಯರ ಸಮ್ಮತಿಯಿಲ್ಲದೆ ಕುರ್ಚಿಯ ಪರೀಕ್ಷೆಗೂ ತೊಡಗಬಾರದು. ಬಂದ ಅಂಕಿ ರೋಗನಿರ್ಣಯವೂ ಅಲ್ಲ. ಮಂಡಿನೋವು, ನರದೌರ್ಬಲ್ಯ, ಪಾರ್ಶ್ವವಾಯು, ಮಂದದೃಷ್ಟಿ ಇವೆಲ್ಲವೂ ಅಂಕಿಯನ್ನು ಕೆಡಿಸಬಲ್ಲವು. ಡೆಕ್ಸಾ ಸ್ಕ್ಯಾನ್, ಅಲ್ಟ್ರಾಸೌಂಡ್ ಮುಂತಾದವು ಸ್ನಾಯು ಎಷ್ಟಿದೆಯೆಂದು ಹೇಳುತ್ತವೆಯೇ ಹೊರತು ಅದು ಎಷ್ಟು ದುಡಿಯಬಲ್ಲುದೆಂದು ಹೇಳಲಾರವು. ಅವುಗಳ ಅಗತ್ಯವಿದೆಯೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಅಳೆದ ಮೇಲೆ ಏನು

ಅಳೆದು ಏನು ಪ್ರಯೋಜನ, ಕಳೆದ ಬಲ ಮರಳುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದುದು. 1990ರಲ್ಲಿ ಅಮೆರಿಕದ ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮವೊಂದರ, ಸರಾಸರಿ 90 ವರ್ಷದ ಹತ್ತು ಮಂದಿ ದುರ್ಬಲ ನಿವಾಸಿಗಳಿಗೆ 8 ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅದನ್ನು ಪೂರ್ಣಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಇದು ಸಾಧ್ಯವಾದರೆ ಎಪ್ಪತ್ತರಲ್ಲಿ ಕೈಚೆಲ್ಲುವುದೇಕೆ?

ಇದರ ವಿರುದ್ಧದ ಪಾಠವೂ ಇದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಾದ ಹಿರಿಯರು ಕೇವಲ 10 ದಿನ ಹಾಸಿಗೆಯಲ್ಲಿ ಉಳಿದುದರಿಂದ ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಕರಗಿತ್ತು. ಜ್ವರಕ್ಕೋ ಶಸ್ತ್ರಚಿಕಿತ್ಸೆಗೋ ಮಲಗಿ ಎದ್ದವರು ಮೊದಲಿನಂತಾಗದೆ ಉಳಿಯುವುದಕ್ಕೆ ಇದೂ ಒಂದು ಕಾರಣ.

ಆಹಾರದ ಮಾತು. ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. ಯುರೋಪಿನ ಪೋಷಣ ತಜ್ಞರು ಹಿರಿಯರಿಗೆ 1ರಿಂದ 1.2 ಗ್ರಾಂ ಸಲಹೆ ಮಾಡುತ್ತಾರೆ. ಹಲ್ಲು ಹೋದ ಹಿರಿಯರು ಹಲವು ಮನೆಗಳಲ್ಲಿ ಗಂಜಿ, ಮಜ್ಜಿಗೆ ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕಿಟಿನ ಮೇಲೆಯೇ ದಿನ ತಳ್ಳುತ್ತಾರೆ. ಹೊಟ್ಟೆ ತುಂಬುತ್ತದೆ, ಸ್ನಾಯು ಹಸಿದಿರುತ್ತದೆ. ನಮ್ಮ ಸಸ್ಯಾಹಾರದಲ್ಲಿ ಇದಕ್ಕೆ ಪರಿಹಾರವಿದೆ. ಒಣ ಬೇಳೆಕಾಳುಗಳ 100 ಗ್ರಾಮಿನಲ್ಲಿ ಸುಮಾರು 20ರಿಂದ 24 ಗ್ರಾಂ ಪ್ರೊಟೀನ್ ಇರುತ್ತದೆ. ಮೆತ್ತಗೆ ಬೇಯಿಸಿದ ಹೆಸರುಬೇಳೆ, ಝುಣಕ, ಶೇಂಗಾ ಪುಡಿ ಕಲಸಿದ ಗಟ್ಟಿ ಮೊಸರು, ಹಾಲಿನಲ್ಲಿ ನೆನೆಸಿದ ರೊಟ್ಟಿ ಇವನ್ನು ಮೂರೂ ಹೊತ್ತಿನ ಊಟದಲ್ಲಿ ಹಂಚಿ ಕೊಡಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಸೇವೆಯ ಹೆಸರಿನಲ್ಲಿ

ಕೊನೆಯದಾಗಿ, ಹೇಳಲು ಕೊಂಚ ಕಠಿಣವಾದ ಮಾತೊಂದಿದೆ. ಹಿರಿಯರ ಬಲ ಕುಗ್ಗುವಲ್ಲಿ ನಮ್ಮ ಪ್ರೀತಿಯ ಪಾಲೂ ಇದೆ. “ಯಪ್ಪಾ, ನೀವ್ಯಾಕ ಏಳ್ತೀರಿ, ನಾ ತಂದು ಕೊಡ್ತೀನಿ”, “ಯವ್ವಾ, ನೀ ಸುಮ್ನ ಕೂತಿರು” ಎಂಬ ಮಾತುಗಳು ಆದರದಿಂದಲೇ ಬರುತ್ತವೆ. ನೀರಿನ ಲೋಟ ಕೈಗೆ ಬರುತ್ತದೆ, ತಟ್ಟೆ ಮಂಚಕ್ಕೆ ಬರುತ್ತದೆ. ದಿನಕ್ಕೆ ಮೂವತ್ತು ಬಾರಿ ಏಳುತ್ತಿದ್ದವರು ಐದು ಬಾರಿ ಏಳುತ್ತಾರೆ. ದುಡಿಯದ ಸ್ನಾಯು ಉಳಿಯುವುದಿಲ್ಲ. ಕಾಯಕವನ್ನು ಬದುಕಿನ ನಡುವೆ ಇಟ್ಟ ಪರಂಪರೆಯವರು ನಾವು. ಎಪ್ಪತ್ತು ದಾಟಿದವರಿಂದ ಎಲ್ಲ ಕಾಯಕವನ್ನೂ ಕಸಿದುಕೊಂಡು ಅದನ್ನು ಸೇವೆಯೆಂದು ಕರೆಯುವುದು ಹೇಗೆ? ಹೂ ಬಿಡಿಸುವುದು, ಕಾಳು ಹಸನು ಮಾಡುವುದು, ಗಿಡಕ್ಕೆ ಚಿಕ್ಕ ತಂಬಿಗೆಯಲ್ಲಿ ನೀರು ಹಾಕುವುದು, ಮೊಮ್ಮಗುವನ್ನು ಬಾಗಿಲವರೆಗೆ ಕರೆದೊಯ್ಯುವುದು ಇವು ಅವರಿಗೆ ಉಳಿಯಲಿ. ಕುರ್ಚಿಯಿಂದ ಏಳುವ ಪರೀಕ್ಷೆಯೇ ವ್ಯಾಯಾಮವೂ ಹೌದು. ದಿನಕ್ಕೆರಡು ಹೊತ್ತು, ಶಕ್ತಿಗೆ ತಕ್ಕಷ್ಟು ಬಾರಿ, ಪಕ್ಕದಲ್ಲಿ ಒಬ್ಬರು ನಿಂತು ಮಾಡಿಸಿದರೆ ಅದೇ ನಿಜವಾದ ಉಪಚಾರ.

ನಮ್ಮ ಹಿರಿಯರು ಸಾವಿಗಿಂತ ಹೆಚ್ಚಾಗಿ ಹೆದರುವುದು ಹಾಸಿಗೆ ಹಿಡಿಯುವುದಕ್ಕೆ. ಕೈಕಾಲು ಗಟ್ಟಿ ಇರುವಾಗಲೇ ಶಿವ ಕರೆದುಕೊಳ್ಳಲಿ ಎಂದು ಅವರು ಬೇಡುತ್ತಾರೆ. ಇನ್ನೊಬ್ಬರ ಕೈ ಹಿಡಿಯದೆ ಬಚ್ಚಲಿಗೆ ಹೋಗಿ ಬರುವುದು, ತಾವೇ ಎದ್ದು ಸ್ನಾನ ಮಾಡಿ ಪೂಜೆಗೆ ಕುಳಿತುಕೊಳ್ಳುವುದು ಅವರ ಪಾಲಿಗೆ ಘನತೆಯ ಪ್ರಶ್ನೆ. ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಆ ಘನತೆ ಮರಳಿ ಬರುವುದು ಬಲು ಕಷ್ಟ. ಬೀಳುವ ಮೊದಲೇ ತಿಳಿಸುವ ಅಳತೆ ಕೈಯಳತೆಯಲ್ಲಿಯೇ ಇರುವಾಗ ಅದನ್ನು ಬಿಡುವುದು ಯಾವ ನ್ಯಾಯ?

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಆರೋಗ್ಯ ಶಿಬಿರ ಏರ್ಪಡಿಸುವವರು ರಕ್ತದೊತ್ತಡದ ಮೇಜಿನ ಪಕ್ಕದಲ್ಲಿ ಒಂದು ಗಟ್ಟಿ ಕುರ್ಚಿಯನ್ನೂ, ಗಡಿಯಾರ ಹಿಡಿದ ಒಬ್ಬ ಸ್ವಯಂಸೇವಕರನ್ನೂ ಇರಿಸಲಿ. ಸಾಧ್ಯವಾದಲ್ಲಿ ಒಂದು ಡೈನಮೋಮೀಟರ್ ಕೊಳ್ಳಲಿ. ತಪಾಸಣಾ ಚೀಟಿಯಲ್ಲಿ ಸಕ್ಕರೆಯ ಕೆಳಗೆ ಬಲಕ್ಕೂ ಒಂದು ಗೆರೆ ಇರಲಿ. ಪ್ರತಿಯೊಂದು ಮನೆಯಲ್ಲಿ 60 ದಾಟಿದವರ ಅಂಕಿಯನ್ನು ಆರು ತಿಂಗಳಿಗೊಮ್ಮೆ, ದಿನಾಂಕದೊಂದಿಗೆ, ಒಂದು ನೋಟುಬುಕ್ಕಿನಲ್ಲಿ ಬರೆಯೋಣ. ಅಂಕಿ ಇಳಿಮುಖವಾದರೆ ವಯಸ್ಸಿನ ಮೇಲೆ ಹೊರಿಸದೆ ವೈದ್ಯರ ಬಳಿ ಆ ಪುಸ್ತಕವನ್ನೇ ಒಯ್ಯೋಣ.